ದೊರೆಯ ವಾರಸುದಾರ

“ಇದು ನಿಮ್ಮದೇ ನಾಯಿ,” ಎಂದಳು ಮೇಲ್ವಿಚಾರಕಿ.

“ಅಯ್ಯೋ, ಬೀದಿ ನಾಯಿ ಮೇಡಂ. ನಾಳೆ ನಿಮ್ಮ ವ್ಯಾನು ನಮ್ಮ ಬೀದಿಗೆ ಬರುತ್ತಂತಲ್ಲ, ಅದಕ್ಕೇ ನಾನೇ ಕರ್ಕೊಂಡು ಬಂದೆ,” ಎಂದ ದರ್ಜಿ. ಹಳೆ ಬಟ್ಟೆ ಹೊಲಿದು ಮಾಡಿದ ಪಟ್ಟಿಯ ತುದಿಯಲ್ಲಿ ಕಂದು ನಾಯಿ ಬಾಲ ಅಲ್ಲಾಡಿಸುತ್ತಿತ್ತು.

ನಗರಸಭೆಯ ನಾಯಿಮನೆಗೆ ದಿನಾ ಬರುವ ಸುಳ್ಳು ಇದು. ಸಾಕಿ ಬೇಸತ್ತವರು ತಮ್ಮ ನಾಯಿಯನ್ನೇ ತಂದು, ಬೀದೀಲಿ ಸಿಕ್ತು ಎಂದು ಕೈತೊಳೆದುಕೊಳ್ಳುತ್ತಿದ್ದರು. ಅಂಥವರನ್ನು ಹಿಡಿಯುವುದರಲ್ಲಿ ಮೇಲ್ವಿಚಾರಕಿಯದು ಎತ್ತಿದ ಕೈ. ಗೇಟು ದಾಟುವಷ್ಟರಲ್ಲೇ ಗುರುತು ಹಿಡಿಯುತ್ತೇನೆ ಎಂದು ಬೀಗುತ್ತಿದ್ದಳು.

ದರ್ಜಿ ಗೋಡೆಯ ಬೋರ್ಡು ನೋಡುತ್ತ ನಿಂತಿದ್ದ. ಸ್ವಂತ ಮನೆ ಇದ್ದವರಿಗೆ ಮಾತ್ರ ನಾಯಿ ಕೊಡಲಾಗುವುದು, ಬಾಡಿಗೆದಾರರು ಕೇಳಬಾರದು ಎಂದಿತ್ತು.

“ವಾರಸುದಾರರಿಲ್ಲದ ನಾಯಿಗೆ ಇಲ್ಲಿ ಏನಾಗುತ್ತೆ, ಗೊತ್ತಾ?” ಅವಳು ಹಿಂದಿನ ಕೋಣೆಯತ್ತ ಕೈ ತೋರಿಸಿದಳು. “ಬೋನುಗಳೆಲ್ಲ ತುಂಬಿವೆ. ಒಂದು ವಾರ ಕಾಯ್ತೀವಿ. ಆಮೇಲೆ ಸಾಯಿಸೋ ಸೂಜಿ.”

“ಗೊತ್ತು,” ಎಂದ. ಅವಳ ಕಣ್ಣು ತಪ್ಪಿಸಿ ನಾಯಿಯ ಕಡೆ ನೋಡಿದ.

ಕಳ್ಳನ ಮನಸ್ಸು ಹುಳ್ಳಹುಳ್ಳಗೆ ಎಂದುಕೊಂಡ ಮೇಲ್ವಿಚಾರಕಿ ಕೆಲಸದವನಿಗೆ ಸನ್ನೆ ಮಾಡಿದಳು. ಅವನು ನಾಯಿಯನ್ನು ಬೋನಿನ ಕಡೆ ಎಳೆದ. ಅದು ಕಾಲೂರಿ ನಿಂತು ಕುಂಯ್‌ಗುಟ್ಟಿತು.

“ಹೋಗೋ ದೊರೆ!” ಎಂದುಬಿಟ್ಟ ದರ್ಜಿ. ತಕ್ಷಣ ನಾಲಿಗೆ ಕಚ್ಚಿಕೊಂಡ.

ನಾಯಿ ಪಟ್ಟಿ ಕಿತ್ತುಕೊಂಡು ಅವನ ಬಳಿಗೆ ಓಡಿತು. ಅವನ ಬೆರಳು ಮೇಲೆದ್ದದ್ದೇ ತಡ, ಅಂಗಿಯ ಜೇಬನ್ನೇ ನೋಡುತ್ತ ಕೂತುಬಿಟ್ಟಿತು.

“ಓಹೋ! ಹೆಸರಿಟ್ಟು, ಕೂರೋದನ್ನೂ ಕಲಿಸಿದ್ದು ಬೀದಿಯೋರಾ?”

ದರ್ಜಿ ತಲೆ ತಗ್ಗಿಸಿದ. “ತಪ್ಪಾಯ್ತು ಮೇಡಂ. ಆದ್ರೆ ನಮ್ಮ ಓನರಮ್ಮನಿಗೆ ನಾಯಿ ಕಂಡ್ರೆ ಆಗಲ್ಲ. ಮನೆ ಖಾಲಿ ಮಾಡು ಅಂತಾರೆ.”

“ಅನ್ಲಿ ನೋಡ್ತೀನಿ. ನಂಬರ್ ಕೊಡಿ.”

ನಂಬರು ಅವನ ನಾಲಿಗೆಯ ತುದಿಯಲ್ಲೇ ಇತ್ತು.

“ನಾಯಿನಾ?” ಫೋನಿನಲ್ಲಿ ಓನರಮ್ಮ ಕಿರುಚಿದಳು. “ನಮ್ಮನೇಲಿ ಯಾವ ನಾಯೀನೂ ಇಲ್ಲವಲ್ಲ!”

“ನೀವೂ ಅದೇ ರಾಗ ಹಾಡ್ಬೇಡಿ. ಈ ನಾಯಿ ಮತ್ತೆ ಬೀದೀಲಿ ಕಂಡ್ರೆ ಇವರ ಮೇಲಷ್ಟೇ ಅಲ್ಲ, ನಿಮ್ಮ ಮೇಲೂ ಕೇಸು ಹಾಕ್ತೀನಿ. ಇವರನ್ನ ಮನೆ ಬಿಡಿಸಿದ್ರೆ ಇನ್ನೊಂದು ಕೇಸು. ತಿಳೀತಾ?”

“ತಿಳೀತು,” ಎಂದು ಓನರಮ್ಮ ಫೋನಿಟ್ಟಳು.

ಮೇಲ್ವಿಚಾರಕಿ ನಗರಸಭೆಯ ಹಿತ್ತಾಳೆ ಬಿಲ್ಲೆಯನ್ನು ತಾನೇ ನಾಯಿಯ ಕೊರಳಿಗೆ ಕಟ್ಟಿದಳು. ಆ ಬಿಲ್ಲೆ ಇದ್ದ ನಾಯಿಯನ್ನು ಯಾವ ವ್ಯಾನಿನವನೂ ಮುಟ್ಟುವಂತಿರಲಿಲ್ಲ.

“ಇದು ಬದುಕಿರೋವರೆಗೂ ನೀವೇ ಸಾಕ್ಬೇಕು. ತಪ್ಪಿಸ್ಕೊಳ್ಳೋ ಹಾಗಿಲ್ಲ. ಅದೇ ನಿಮಗೆ ಶಿಕ್ಷೆ.”

“ಆಗ್ಲಿ ಮೇಡಂ,” ಎಂದು ದರ್ಜಿ ಕಣ್ಣೊರೆಸಿಕೊಂಡ. ಪಶ್ಚಾತ್ತಾಪ ಎಂದರೆ ಹೀಗಿರಬೇಕು ಎಂದು ಅವಳಿಗೆ ತುಂಬಾ ಸಮಾಧಾನವಾಯಿತು. ನಾಯಿ ತಂದು ಬಿಡುವವರೆಲ್ಲ ಇವನನ್ನು ನೋಡಿ ಕಲಿಯಬೇಕು ಎಂದು ಕೆಲಸದವನಿಗೂ ಹೇಳಿದಳು.

ರಸ್ತೆಯ ತಿರುವು ದಾಟಿದ ಮೇಲೆ ದರ್ಜಿ ಕುಕ್ಕುರುಗಾಲಲ್ಲಿ ಕೂತು, ಜೇಬಿನಲ್ಲಿದ್ದ ಬಿಸ್ಕತ್ತನ್ನೆಲ್ಲ ನಾಯಿಯ ಮುಂದೆ ಸುರಿದ.

“ಭೇಷ್ ದೊರೆ! ಮೊನ್ನೆ ಇಟ್ಟ ಹೆಸರು, ನಿನ್ನೆ ಕಲಿಸಿದ ಪಾಠ, ಒಂದನ್ನೂ ಮರೀಲಿಲ್ಲವಲ್ಲೋ,” ಎಂದು ಅದರ ತಲೆ ಸವರಿದ. “ನಡಿ, ನಮ್ಮ ಮನೆ ಎಲ್ಲಿದೆ ಅಂತ ತೋರಿಸ್ತೀನಿ.”