ಅಡ್ಡಗೆರೆ

"ನಾ ಸತ್ತರ ಖರ್ಚು ಯಾವ ಖಾತ್ಯಾಗ ಬರೀತಾರೋ?"

ಮಂಡಲ ಪಂಚಾಯ್ತಿ ಕಚೇರಿಯ ಕಸ ಗುಡಿಸುತ್ತ ಅಕ್ಕುತಾಯಿ ಕೇಳಿದಳು. ಒಳಗೆ ಖಾಲಿ ಕುರ್ಚಿಗಳಷ್ಟೇ ಇದ್ದವು. ಹೋದ ವಾರ ಬಸ್ ಸ್ಟ್ಯಾಂಡಿನಲ್ಲಿ ಸತ್ತ ಪರದೇಶಿಯೊಬ್ಬನನ್ನು ಪಂಚಾಯ್ತಿಯೇ ಮಣ್ಣು ಮಾಡಿತ್ತು. ಸೆಕ್ರೆಟರಿ ಜ್ಞಾನದೇವ ಅವಳೆದುರೇ 'ವಾರಸುದಾರರು' ಎಂಬಲ್ಲಿ ಒಂದು ಅಡ್ಡಗೆರೆ ಎಳೆದು, "ಬೇವಾರಸಿ, ಖರ್ಚು ನೂರಾ ನಲವತ್ತು" ಎಂದು ಗಟ್ಟಿಯಾಗಿ ಓದಿಕೊಂಡಿದ್ದ. ಕುಣಿಯ ಹತ್ತಿರ ಭಜನೆಯವರು ಬಂದಿರಲಿಲ್ಲ. ಅಕ್ಕುತಾಯಿಯೇ ಒಂದು ಪದ ಎತ್ತಿಕೊಂಡಳು. ಹಿಂದೆ ಹಾಡುವ ದನಿ ಇರಲಿಲ್ಲ, ಅರ್ಧಕ್ಕೇ ಬಿಟ್ಟಳು.

ಪ್ರಧಾನ ರಾವಸಾಹೇಬ ಜ್ಞಾನದೇವನ ಜೊತೆ ಒಳಬಂದ. ನೀರಿನ ಮೋಟರು ಸುಟ್ಟು ನಾಲ್ಕು ದಿನವಾಗಿತ್ತು. ರಿಪೇರಿಯಾಗಿತ್ತು, ಆದರೆ ರೊಕ್ಕ ಕೊಡದೆ ನಿಪ್ಪಾಣಿಯ ಅಂಗಡಿಯವ ಬಿಡಲೊಲ್ಲ. ಪಂಚಾಯ್ತಿಯ ಉಳಿಕೆಯೆಲ್ಲ ಊರ ಬಾಗಿಲ ಸ್ವಾಗತ ಕಮಾನಿಗೆ ಹೋಗಿತ್ತು.

"ಅಕ್ಕುತಾಯಿ, ನಿನ್ನ ಕಡೆ ಆರನೂರು ಐತೆಂತ?" ರಾವಸಾಹೇಬ ಕೇಳಿದ.

"ನನ್ನ ಮಣ್ಣಿಗಂತ ಇಟ್ಟೇನ್ರಿ ಸಾವಕಾರ."

"ಇಷ್ಟ ಲಗೂನ ಎಲ್ಲಿ ಹೊಂಟಿ ಬೇ? ಮಾರ್ಚ್‌ದಾಗ ಗ್ರ್ಯಾಂಟ್ ಬರತೈತಿ, ಅಲ್ಲೀತನಕ ತಡಿ. ಪಂಚಾಯ್ತಿಗಿ ಕೈಗಡ ಕೊಡು."

ಜ್ಞಾನದೇವ ನಕ್ಕ. ಅಕ್ಕುತಾಯಿ ಕಸಬರಿಗೆ ಮೂಲೆಗಿಟ್ಟು, ಟೊಂಕದ ಚಂಚಿ ಬಿಚ್ಚಿ ನೋಟುಗಳನ್ನು ಮೇಜಿನ ಮೇಲಿಟ್ಟಳು. "ತಗೋರಿ. ನೀರಂದ್ರ ಪುಣ್ಯೇದ ಕೆಲಸ."

ಜ್ಞಾನದೇವ ಚೀಟಿ ಬರೆಯತೊಡಗಿದ. ಕೊನೆಗೆ ಪೆನ್ನು ನಿಂತಿತು. "ನಡುವ ನಿನಗೇನರ ಆದ್ರ ರೊಕ್ಕ ಯಾರಿಗಿ ಕೊಡೂದು? ವಾರಸದಾರರು?"

"ಪಂಚಾಯ್ತಿ ಅಂತ ಬರೀರಿ."

"ಸಾಲಾ ತಗೊಂಡವ್ರ ವಾರಸದಾರ ಆಗಾಕ ಬರೂದಿಲ್ಲ ಬೇ. ಆಡಿಟ್‌ದವ್ರು ನಗತಾರ."

"ಹಂಗಾರ ಊರು ಅಂತ ಬರೀರಿ."

"ಊರಂದ್ರ ಯಾರು? ಒಬ್ಬರ ಹೆಸರ ಹೇಳು."

ಅಕ್ಕುತಾಯಿ ರಾವಸಾಹೇಬನ ಕಡೆ ತಿರುಗಿದಳು. "ಸಾವಕಾರ, ನಿಮ್ಮ ಹೆಸರ ಬರಸ್ರಿ. ರೊಕ್ಕ ನೀವ ಇಸಗೊಂಡು ನನ್ನ ಮಣ್ಣಿಗಿ ಹಾಕ್ರಿ. ಎರಡ ಪದಾ ಹಾಡಸ್ರಿ, ಸಾಕು."

ರಾವಸಾಹೇಬ ಕಿಟಕಿಯಾಚೆ ನೋಡಿದ. "ನಾ ನಿನಗ ಏನಾಗಬೇಕು? ನಮ್ಮ ಮನ್ಯಾಗ ಕೇಳಿದ್ರ ಏನ ಹೇಳ್ಲಿ? ಜ್ಞಾನದೇವ, ಲಗೂ ಮುಗಸೋ."

ಜ್ಞಾನದೇವ ಪೆನ್ನೂರಿ ಎಡದಿಂದ ಬಲಕ್ಕೆ ಒಂದು ಗೆರೆ ಎಳೆದ. ಮಸಿಯ ಡಬ್ಬಿ ಅವಳ ಮುಂದೆ ಸರಿಸಿದ. "ಒತ್ತು."

ಹೊರಗೆ ಒಣಗಿದ ನಳದ ಕೆಳಗೆ ಕೊಡಗಳ ಸಾಲು. ನಡುವೆ ಅವಳದೂ ಒಂದು, ಅಂಚು ಮುರಿದದ್ದು. ಅಕ್ಕುತಾಯಿಗೆ ಓದಲು ಬರುತ್ತಿರಲಿಲ್ಲ. ಚೀಟಿಯ ಕೊನೆಯಲ್ಲಿದ್ದದ್ದು ಮಾತ್ರ ಗುರುತು ಸಿಕ್ಕಿತು. ನೋಟುಗಳನ್ನು ಒಂದೊಂದಾಗಿ ಎತ್ತಿ ಚಂಚಿಗೆ ತುಂಬಿಕೊಂಡಳು.

"ಹೋದ ವಾರ ಆ ಪರದೇಶಿ ಲೆಕ್ಕದಾಗ ಎಳದದ್ದೂ ಇದ ಗೆರೀರಿ. ಇದಕ್ಕ ನಾ ಹೆಬ್ಬಟ್ಟ ಒತ್ತೂದಿಲ್ಲ."