ಜೆಸಿಂತಾಳ ಮನೆಯ ಕೊಳವೆ

ಊರಿನ ಮೇಲೆ ಮಂಜು ಬಂದು ಕೂತು ಹನ್ನೊಂದು ವರ್ಷವಾಗಿತ್ತು. ಚಾಚಿದ ಕೈ ಕೂಡ ಕಾಣದ ಕಾರಣ ಪ್ರತಿ ಮನೆಯ ಮಾಡಿನ ಮೇಲೂ ಒಂದು ತವರದ ಕೊಳವೆ ಕಡಲ ಗಾಳಿಗೆ ಹಗಲಿರುಳು ತನ್ನದೇ ಸ್ವರದಲ್ಲಿ ನುಡಿಯುತ್ತಿತ್ತು. ಜನ ಆ ಸ್ವರ ಹಿಡಿದು ಮನೆ ಸೇರುತ್ತಿದ್ದರು.

ಜೆಸಿಂತಾಳ ಗಂಡ ಬೊನಿಫಾಸ್ ನಿನ್ನೆ, ಸ್ವರ ಇನ್ನೂ ಇಂಪಾಗಲಿ ಎಂದು ಕೊಳವೆಯ ಬಾಯಿಯ ಮೇಲಂಚಿನ ತಗಡಿನ ತುಟಿಯನ್ನು ಅರದಿಂದ ಉಜ್ಜಿದ್ದ. ಇವತ್ತು ಅವನು ಹೊರಗೆ ಹೋದ ಮೇಲೆ ಆ ತೆಳುವಾದ ತುಟಿ ಬಾಗಿ, ಬಾಯಿಯ ಸೀಳಿನಿಂದ ಹೊರಟ ಗಾಳಿ ಅದಕ್ಕೆ ಸರಿಯಾಗಿ ತಾಗದೆ ಬರೀ ಬುಸ್ ಎನ್ನುತ್ತಿತ್ತು. ಮೀನು ತರಲು ಹೋದವನು ಮನೆಯನ್ನು ಮೂರನೆಯ ಸಲ ದಾಟಿ ನಡೆದದ್ದು ಕೊಳವೆ ಸರಿಮಾಡಲು ಚಮಚ ಹಿಡಿದು ಮಾಡು ಹತ್ತಿ ಕೂತಿದ್ದ ಅವಳಿಗೆ ಕೇಳಿಸಿತು.

"ಹೋಯ್, ಮನೆ ಇಲ್ಲಿ ಉಂಟು! ನಿಲ್ಲಿ!" ಎಂದು ಕಿರುಚಿದಳು. ಆದರೆ ಆ ಮಂಜಿನಲ್ಲಿ ಮನುಷ್ಯರ ಕೂಗು ಎಲ್ಲ ದಿಕ್ಕಿನಿಂದಲೂ ಬಂದಂತೆ ಕೇಳುತ್ತಿತ್ತು.

"ಎಲ್ಲಿ ಮಾರಾಯ್ತಿ? ಇಲ್ಲಿ ಯಾರದೋ ಹಾಳಾದ ಕೊಳವೆ ಬುಸುಗುಡ್ತಾ ಉಂಟು. ನಮ್ಮದು ನಾನು ನಿನ್ನೆಯೇ ಸರಿ ಮಾಡಿದ್ದಲ್ವಾ!"

ಹೆಜ್ಜೆಗಳು ಬೀದಿಯ ತುದಿಯತ್ತ ಸಾಗಿದವು. ಅಲ್ಲಿ ದೋಣಿ ಕಟ್ಟುವ, ತಡೆಗೋಡೆಯಿಲ್ಲದ ಧಕ್ಕೆ, ಅದರ ಕೆಳಗೆ ಕಡಲು. ಜೆಸಿಂತಾಳಿಗೆ ಸಿಟ್ಟಿನ ಜೊತೆಗೆ ಅಳುವೂ ಬಂತು. ಚಮಚದ ಹಿಡಿಯಿಂದ ತುಟಿಯನ್ನು ಕೆಳಕ್ಕೆ ಒತ್ತಿದಳು. ಕೊಳವೆ ಬೇರೆ ಯಾರದೋ ಮನೆಯದೆಂಬಂತೆ ಕೀರಲು ಸ್ವರ ಹೊರಡಿಸಿತು. ಹಲ್ಲು ಕಚ್ಚಿ ಕೂದಲೆಳೆಯಷ್ಟು ಮೇಲಕ್ಕೆತ್ತಿದಳು. ಗಾಳಿ ಅಂಚಿಗೆ ಬಡಿದು ಹಳೆಯ ಗಂಭೀರ ಸ್ವರ ಎದ್ದಿತು.

ಹೆಜ್ಜೆಗಳು ನಿಂತು, ಹಿಂದಕ್ಕೆ ತಿರುಗಿದವು.

ಅಂಗಳಕ್ಕೆ ಬಂದ ಬೊನಿಫಾಸ್ ಮೀನಿನ ಚೀಲ ಇಳಿಸಿ, ತಲೆಯೆತ್ತಿ ಹಿಗ್ಗಿನಿಂದ ಕೇಳಿಸಿಕೊಂಡ.

"ಎಷ್ಟು ಲಾಯ್ಕ್ ನುಡೀತಾ ಉಂಟು ನೋಡು! ನಾಳೆ ಪಕ್ಕದ ಮನೆಯವರದ್ದೂ ಉಜ್ಜಿ ಕೊಡ್ತೇನೆ."