ನಾಲ್ಕು ಸೆಕೆಂಡು

“ಸ್ಕ್ರೀನ್ ಕೆಟ್ಟಿಲ್ಲ, ಗಾಬರಿ ಬೇಡ. ಒಂಬತ್ತನೇ ಕ್ಲಾಸಿಗೇ ಸ್ಕೂಲು ಬಿಟ್ಟವನ ಕೈಗೆ ಲ್ಯಾಪ್‌ಟಾಪ್ ಕೊಟ್ರೆ ಹೀಗೇ, ಅಕ್ಷರಗಳಿಗೆ ಬಸ್ಸು ತಪ್ಪಿ ನಡ್ಕೊಂಡು ಬರ್ತವೆ” ಎಂದು ಅನಂತಮೂರ್ತಿ ಮೈಕಿನಲ್ಲೇ ಹೇಳಿದ. ಲಂಡನ್ನಿನ ಪಿನ್ನರ್ ಬಡಾವಣೆಯ ಹಾಲ್‌ನಲ್ಲಿ ಕೂತಿದ್ದ ಎಂಬತ್ತು ಜನ ನಕ್ಕರು. ನಾಲ್ಕು ಸೆಕೆಂಡಿನ ಮೇಲೆ ಅದೇ ಮಾತು ಅವನ ಬೆನ್ನ ಹಿಂದಿನ ದೊಡ್ಡ ಸ್ಕ್ರೀನಿನಲ್ಲಿ, ಒಂದೂ ತಪ್ಪಿಲ್ಲದೆ ಮೂಡಿತು. ಜನ ಇನ್ನೊಮ್ಮೆ ನಕ್ಕರು. ಮೊದಲ ಸಾಲಿನಲ್ಲಿದ್ದ ಶಿವಕ್ಕ ಮಾತ್ರ ಅದನ್ನು ನಿಧಾನವಾಗಿ ಓದಿ ಮುಗಿಸಿ, ಹಿಂದಿರುಗಿ, ಲ್ಯಾಪ್‌ಟಾಪ್ ಮುಂದೆ ಕೂತಿದ್ದ ಋಷಿಕೇಶನನ್ನು ಹುಡುಕಿ ನೋಡಿದಳು.

ಅದು ಶಿವಕ್ಕನ ಬೀಳ್ಕೊಡುಗೆ. ಸೌತ್‌ಹಾಲ್‌ನಲ್ಲಿರುವ ರಘುರಾಮನ ಹೋಟೆಲಿನಲ್ಲಿ ಇಪ್ಪತ್ತಮೂರು ವರ್ಷ ಗ್ರೈಂಡರ್ ಪಕ್ಕ ನಿಂತು ಹಿಟ್ಟು ರುಬ್ಬಿದವಳು. ಕಿವಿ ಪೂರ್ತಿ ಹೋಗಿ ಆರು ವರ್ಷ. ಡಾಕ್ಟರು ಹೇಳಿ ಕೊಡಿಸಿದ ಕಿವಿಯ ಮಷೀನು ಹಾಕಿಕೊಂಡರೆ ಗದ್ದಲ ಕೇಳುತ್ತದೆ, ಮಾತು ಕೇಳುವುದಿಲ್ಲ. ತನ್ನ ಬಗ್ಗೆ ಜನ ಏನು ಹೇಳುತ್ತಾರೆಂದು ಇವತ್ತಾದರೂ ಅವಳಿಗೆ ತಿಳಿಯಲಿ ಎಂದು, ಅದೇ ಅಡುಗೆಮನೆಯಲ್ಲಿ ದೋಸೆ ಹೊಯ್ಯುವ ಋಷಿಕೇಶ ಎರಡು ತಿಂಗಳ ಬಿಡುವೆಲ್ಲ ಸುರಿದು ಈ ಪ್ರೋಗ್ರಾಂ ಬರೆದಿದ್ದ. ಮೈಕಿನ ಮಾತನ್ನು ಕಂಪ್ಯೂಟರ್ ಮೊದಲು ಅಂದಾಜಿನ ಮೇಲೆ ಅಕ್ಷರ ಮಾಡುತ್ತದೆ. ಮುಂದಿನ ಮಾತು ಕೇಳಿಸಿದ ಮೇಲೆ ಹಿಂದಿನದನ್ನು ಅಳಿಸಿ ತಿದ್ದುತ್ತದೆ. ತಿದ್ದಿ ಮುಗಿಯುವ ತನಕ ಋಷಿಕೇಶ ಅದನ್ನು ಬಫರಿನಲ್ಲಿ ತಡೆದಿಟ್ಟು, ಸಾಲು ಗಟ್ಟಿಯಾದ ಮೇಲೆ ಸ್ಕ್ರೀನಿಗೆ ಬಿಡುತ್ತಿದ್ದ. ಅದಕ್ಕೇ ಆ ನಾಲ್ಕು ಸೆಕೆಂಡು.

ತೊಂದರೆ ಶುರುವಾದದ್ದು ನಗುವಿನಿಂದ. ಭಾಷಣಕ್ಕೆ ನಿಂತ ರಘುರಾಮ ಒಂದು ತಮಾಷೆ ಹೇಳಿದ್ದ. ಹಾಲ್ ನಕ್ಕು ಸುಮ್ಮನಾದ ಮೇಲೆ ಶಿವಕ್ಕ ಓದಿಕೊಂಡು ಒಬ್ಬಳೇ ಗಟ್ಟಿಯಾಗಿ ನಕ್ಕಳು. ಎರಡನೆಯ ಸಲವೂ ಹಾಗೇ. ಮೂರನೆಯ ಸಲ ಹಿಂದಿನ ಸಾಲಿನವರು ಅವಳ ನಗುವಿಗೇ ಕಾದು ಕೂತು ನಗತೊಡಗಿದರು. ಕಾರ್ಯಕ್ರಮ ನಡೆಸುತ್ತಿದ್ದ ಅನಂತಮೂರ್ತಿ ಮಧ್ಯೆ ಮೈಕು ಇಸಿದುಕೊಂಡು ಆ ಮಾತಾಡಿದ್ದು ಆಗಲೇ. ಹದಿನೆಂಟು ವರ್ಷ ಲಂಡನ್ನಿನ ಐಟಿ ಕಂಪನಿಗಳಲ್ಲಿ ಪಳಗಿದವನು. ವಯಸ್ಸಾದ ಹೆಂಗಸು ನಗೆಪಾಟಲಾಗುವುದು ಅವನಿಗೆ ನಿಜಕ್ಕೂ ಬೇಕಿರಲಿಲ್ಲ. ಮೈಕನ್ನು ರಘುರಾಮನಿಗೆ ವಾಪಸು ಕೊಟ್ಟು ಲ್ಯಾಪ್‌ಟಾಪ್ ಹತ್ತಿರ ಬಂದ.

“ಆ ಬಫರ್ ತೆಗೆದುಹಾಕು.”

“ತೆಗೆದ್ರೆ ಅಕ್ಷರ ನಿಲ್ಲೂದಿಲ್ಲ ಸರ್. ಹುದುಗು ಬರೂ ಮೊದ್ಲೇ ದೋಸೆ ಹೊಯ್ದ ಹಾಗೆ ಆಗ್ತದೆ.”

“ಇದು ದೋಸೆ ಅಲ್ಲ ಕಣೋ, ಡೇಟಾ. ಲೈವ್ ಅಂದ್ಮೇಲೆ ಲೈವ್ ಇರ್ಬೇಕು. ಎಲ್ಲರೂ ನಗುವಾಗ ಅವರೂ ನಗ್ಲಿ ಪಾಪ. ಸರಿ ಆ ಕಡೆ.”

ಋಷಿಕೇಶ ಸರಿಯಲಿಲ್ಲ. ಶಿವಕ್ಕ ಊರಿನಲ್ಲಿ ನಾಲ್ಕನೇ ಕ್ಲಾಸು ಓದಿದವಳು, ಒಂದೊಂದೇ ಅಕ್ಷರ ಕೂಡಿಸಿ ಓದುತ್ತಾಳೆ, ಅಡುಗೆಮನೆಯಲ್ಲಿ ಅವಳೆದುರು ಇಟ್ಟು ನೋಡಿಯೇ ಇಷ್ಟು ಹೊತ್ತು ಬೇಕೆಂದು ಗೊತ್ತು ಮಾಡಿದ್ದು ಎಂದೆಲ್ಲ ಹೇಳಿದ. ಕೇಳಿಸಿಕೊಳ್ಳುವವರು ಯಾರು? ಅನಂತಮೂರ್ತಿ ಅವನ ಹೆಗಲ ಮೇಲಿಂದ ಬಗ್ಗಿ, ಒಂದೇ ಕಣ್ಣೋಟಕ್ಕೆ ಪ್ರೋಗ್ರಾಂನಲ್ಲಿ ಬಫರಿನ ಸಾಲು ಹುಡುಕಿ, ನಾಲ್ಕನ್ನು ಅಳಿಸಿ ಸೊನ್ನೆ ಒತ್ತಿದ.

ಅಕ್ಷರಗಳು ದಬದಬ ಸುರಿದವು. ರಘುರಾಮ ಬಾಯಿ ತೆರೆಯುತ್ತಿದ್ದಂತೆ ಅರ್ಧ ಪದ, ಅದನ್ನಳಿಸಿ ಇನ್ನೊಂದು ಪದ, ಓದುವಷ್ಟರಲ್ಲಿ ಸಾಲೇ ಮೇಲಕ್ಕೆ ಹಾರಿ ಮಾಯ. ಕಿವಿ ಇದ್ದವರಿಗೆ ಓದುವ ಗರಜಿರಲಿಲ್ಲ, ಅವರು ಚಪ್ಪಾಳೆ ತಟ್ಟಿದರು. ಶಿವಕ್ಕ ಕಣ್ಣು ಕಿರಿದು ಮಾಡಿಕೊಂಡು ಸ್ವಲ್ಪ ಹೊತ್ತು ಅದರ ಹಿಂದೆ ಓಡಿದಳು. ಆಮೇಲೆ ಸ್ಕ್ರೀನು ಬಿಟ್ಟು ಅಕ್ಕಪಕ್ಕದವರ ಮುಖ ನೋಡತೊಡಗಿದಳು. ಅವರು ನಕ್ಕಾಗ ನಕ್ಕಳು, ತಟ್ಟಿದಾಗ ತಟ್ಟಿದಳು. ಒಂದು ಕ್ಷಣವೂ ತಡವಿಲ್ಲ. ಹಿಂದಿನ ಸಾಲಿನಲ್ಲಿ ಈಗ ಯಾರೂ ಅವಳನ್ನು ನೋಡಿ ನಗಲಿಲ್ಲ.

ರಘುರಾಮ ಬರೆದು ತಂದಿದ್ದ ಕಾಗದ ಮಡಿಚಿ ಜೇಬಿಗೆ ಹಾಕಿದ. “ನನ್ನ ಹೆಂಡತಿ ತೀರಿಕೊಂಡಾಗ ಮಗಳು ಸೃಷ್ಟಿಗೆ ಆರು ವರ್ಷ” ಎಂದ. “ದಿನಾ ಬೆಳಿಗ್ಗೆ ಶಿವಕ್ಕ ಮನೆಗೆ ಬಂದು, ಅವಳಿಗೆ ಜಡೆ ಹಾಕಿ, ಸ್ಕೂಲಿಗೆ ಬಿಟ್ಟು, ಆಮೇಲೆ ಬಂದು ರುಬ್ಬಲಿಕ್ಕೆ ನಿಲ್ಲೂದು. ನಾನು ಒಂದು ದಿನ ಒಂದು ಒಳ್ಳೆ ಮಾತು ಹೇಳ್ಲಿಲ್ಲ. ನಾಳೆ ಹೇಳುವ, ನಾಳೆ ಹೇಳುವ ಅಂತ ಇದ್ದೆ. ಅಷ್ಟರಲ್ಲಿ ಅವ್ರಿಗೆ ಕಿವಿ ಹೋಯ್ತು.”

ಅಷ್ಟೂ ಮಾತು ಸ್ಕ್ರೀನಿನಲ್ಲಿ ಮಿಣಮಿಣ ಎಂದು ಹೋಯಿತು. ಶಿವಕ್ಕನ ಪಕ್ಕದ ಕುರ್ಚಿಯಲ್ಲಿ ಸೃಷ್ಟಿ ಮುಖ ಮುಚ್ಚಿಕೊಂಡು ಅಳುತ್ತಿದ್ದಳು. ಶಿವಕ್ಕ ಗಾಬರಿಯಾಗಿ ಅವಳ ಬೆನ್ನು ಸವರತೊಡಗಿದಳು.

“ಎಂತ ಆಯ್ತ್ ಮಗಾ? ಯಾರ್ ಎಂತ ಹೇಳ್ರ್ ನಿಂಗೆ?”

ಕಿವಿ ಕೇಳದವರ ಗಟ್ಟಿ ದನಿ, ಕೊನೆಯ ಸಾಲಿನವರೆಗೂ ಕೇಳಿಸಿತು. ಅನಂತಮೂರ್ತಿಯ ಬೆರಳು ಕೀಬೋರ್ಡಿನ ಮೇಲೆಯೇ ನಿಂತಿತ್ತು. “ಆ ಮಾತು ಎಲ್ಲಾದ್ರೂ ಉಳಿದಿದ್ಯಾ ಋಷಿ? ಒಂದ್ಸಲ ವಾಪಸ್ ತೋರಿಸೋಕಾಗುತ್ತಾ?” ಎಂದು ಮೆಲ್ಲಗೆ ಕೇಳಿದ.

ಋಷಿಕೇಶ ಮೇಜಿನ ಮೇಲಿದ್ದ ಕಾಗದವೊಂದನ್ನು ಎಳೆದುಕೊಂಡ, ಅನಂತಮೂರ್ತಿಯ ಜೇಬಿನಿಂದ ಪೆನ್ನು ಕಿತ್ತುಕೊಂಡ, ಶಿವಕ್ಕನ ಕಡೆ ನಡೆದುಬಿಟ್ಟ.